ಕಂಪಾಸ್ ಪೆಟ್ಟಿಗೆಯ ಸೈನಿಕನ ಬೆನ್ನು

ನನ್ನ ಕಂಪಾಸ್ ಪೆಟ್ಟಿಗೆಯ ಮುಚ್ಚಳದ ಮೇಲೆ ಒಬ್ಬ ಆಕಾಶ ಸೈನಿಕ ನಿಂತಿದ್ದ. ಅವನ ತಲೆಯ ಮೇಲೆ ಎರಡು ಚಂದ್ರ, ಕಾಲ ಕೆಳಗೆ ಕೆಂಪು ಮರಳು. ಮೈತುಂಬ ಬೆಳ್ಳಿ ಬಣ್ಣದ ಕವಚ, ತಲೆಗೆ ಗುಂಡನೆಯ ಶಿರಸ್ತ್ರಾಣ, ಕಣ್ಣಿರಬೇಕಾದ ಕಡೆ ಒಂದು ಕಪ್ಪು ಪಟ್ಟಿ. ಎಂಟನೆಯ ತರಗತಿಗೆ ಹೋಗುವಾಗ ಅವ್ವ ಗಂಗಾವತಿಯ ಬಜಾರದಲ್ಲಿ ಕೊಡಿಸಿದ ಪೆಟ್ಟಿಗೆ ಅದು. ನಾನು ಪಿಯುಸಿ ಎರಡನೆಯ ವರ್ಷಕ್ಕೆ ಬರುವಷ್ಟರಲ್ಲಿ ಒಳಗಿನ ಕೈವಾರ, ಕೋನಮಾಪಕ ಎಲ್ಲ ಕಳೆದುಹೋಗಿದ್ದವು, ಸೈನಿಕ ಮಾತ್ರ ಗಟ್ಟಿಯಾಗಿ ಉಳಿದಿದ್ದ. ಗಣಿತದ ಪಾಠದಲ್ಲಿ ನಾನು ಅವನನ್ನೇ ನೋಡುತ್ತ ಕೂತಿರುತ್ತಿದ್ದೆ. ಗಣಿತದಲ್ಲಿ ನನಗೆ ಬಂದ ಅಂಕಗಳಿಗೆ ಅವನೂ ಅರ್ಧ ಹೊಣೆ.

ಎರಡು ಸಾವಿರದ ಇಸವಿಗೆ ಇನ್ನು ಒಂದೇ ವರ್ಷ ಉಳಿದಿದ್ದ ಕಾಲ. ಯಾರನ್ನು ನೋಡಿದರೂ ಮುಂದಿನ ಶತಮಾನದ ಮಾತು. ಕೊಪ್ಪಳ ಆಗತಾನೆ ಜಿಲ್ಲೆಯಾಗಿತ್ತು, ಹೀಗಾಗಿ ಏನೇ ಮಾಡಿದರೂ ಅದನ್ನು ಜಿಲ್ಲಾ ಮಟ್ಟದ್ದು ಎಂದು ಕರೆಯುವ ಉಮೇದು ಬೇರೆ. ಅಂಥ ಉಮೇದಿನಲ್ಲಿಯೇ ಕಾಲೇಜುಗಳಿಗೆ ಒಂದು ಪತ್ರ ಬಂತು: 'ಮುಂದಿನ ಶತಮಾನದ ಮನುಷ್ಯ' ಎಂಬ ವೇಷಭೂಷಣ ಸ್ಪರ್ಧೆ, ಕಾಲೇಜಿಗೆ ಒಬ್ಬರೇ. ವೇಷವನ್ನು ಯಾವ ಚಿತ್ರ ನೋಡಿ ಮಾಡಿದಿರೋ ಆ ಚಿತ್ರವನ್ನೂ ತರಬೇಕು. ವೇದಿಕೆಯ ಮೇಲೆ ನಡೆಯಬೇಕು, ಕೂಡಬೇಕು, ಏಳಬೇಕು, ಕೇಳಿದ್ದಕ್ಕೆ ಉತ್ತರ ಕೊಡಬೇಕು. ನಮ್ಮ ಫಿಸಿಕ್ಸ್ ಮೇಡಂ ಇದನ್ನು ಓದಿ ಮುಗಿಸುವ ಮೊದಲೇ ನನ್ನ ಕೈ ಮೇಲೆ ಹೋಗಿತ್ತು. ಐದು ವರ್ಷ ಆ ಸೈನಿಕನನ್ನು ನೋಡಿದ್ದು ಇದಕ್ಕೇ ಎಂದು ನನಗೆ ಅನಿಸಿಬಿಟ್ಟಿತು.

ಮೇಡಂ ಒಂದು ಫಾರ್ಮ್ ಕೊಟ್ಟರು. ಹೆಸರು, ತರಗತಿ, ತಂದೆಯ ಹೆಸರು ಬರೆದೆ. ಆಮೇಲೆ 'ತಂದೆಯ ಉದ್ಯೋಗ' ಎಂಬ ಸಾಲು ಬಂತು. ನಮ್ಮಪ್ಪ ರೈಸ್ ಮಿಲ್ಲಿನಲ್ಲಿ ಹಮಾಲ. ಲಾರಿಯಿಂದ ಭತ್ತದ ಚೀಲ ಇಳಿಸುವುದು, ಅಕ್ಕಿ ಚೀಲ ಏರಿಸುವುದು ಅವನ ಕೆಲಸ. ನನ್ನ ಬೆಂಚಿನಲ್ಲಿ ಕೂಡುತ್ತಿದ್ದ ಹುಡುಗಿಯರ ಅಪ್ಪಂದಿರಲ್ಲಿ ಒಬ್ಬರದು ಮಿಲ್ಲು, ಒಬ್ಬರದು ಗೊಬ್ಬರದ ಅಂಗಡಿ. ಪೆನ್ನು ಒಂದು ಗಳಿಗೆ ತಡೆಯಿತು. ಆಮೇಲೆ ದುಂಡಗಿನ ಅಕ್ಷರದಲ್ಲಿ 'ವ್ಯಾಪಾರ' ಎಂದು ಬರೆದೆ. ಅಕ್ಷರ ಮಾತ್ರ ಬಹಳ ಚಂದ ಬಂದಿತ್ತು, ಅದನ್ನು ನೆನೆದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ.

ಸಾಯಂಕಾಲ ಅಪ್ಪನ ಸಹಿ ಬೇಕಾಗಿತ್ತು. ಅಪ್ಪ ನಾಲ್ಕನೆಯ ಇಯತ್ತೆವರೆಗೆ ಓದಿದವನು. ಚೀಲದ ಮೇಲೆ ಒತ್ತಿದ ಗುರುತನ್ನು ಬಾಯಿಬಿಟ್ಟು ಓದಿಯೇ ಬೆನ್ನಿಗೆ ಹಾಕಿಕೊಳ್ಳುತ್ತಿದ್ದ. ಒಂದು ಲಾರಿಯ ಮಾಲು ಇನ್ನೊಂದಕ್ಕೆ ಏರಿದರೆ ಹಮಾಲನ ತಲೆಯ ಮೇಲೆ ಬರುತ್ತದೆ ಎನ್ನುತ್ತಿದ್ದ. ಫಾರ್ಮನ್ನು ಮೊಣಕಾಲ ಮೇಲಿಟ್ಟುಕೊಂಡು ಬಹಳ ಹೊತ್ತು ಹಾಗೇ ಕೂತ. ಪೆನ್ನು ಮೂಡುತ್ತಿಲ್ಲವೇನೋ ಎಂದುಕೊಂಡು ನಾನು ಇನ್ನೊಂದು ಪೆನ್ನು ತರಲು ಎದ್ದೆ. ತಿರುಗಿ ನೋಡುವಷ್ಟರಲ್ಲಿ ಸಹಿ ಆಗಿತ್ತು.

ಖಾನಾವಳಿಯವರು ಎಸೆದಿದ್ದ ಚೌಕದ ಎಣ್ಣೆ ಡಬ್ಬಿಗಳಿಂದ ಕವಚ ಶುರುವಾಯಿತು. ತಗಡು ಬಿಡಿಸಿ, ಕತ್ತರಿಸಿ, ಅಂಚನ್ನು ಕಲ್ಲಿನಿಂದ ಬಡಿದು ಮಡಚಿದೆ. ಪೆಟ್ಟಿಗೆಯ ಸೈನಿಕ ನನ್ನ ಹೆಬ್ಬೆರಳಿನಷ್ಟು ಉದ್ದ, ನಾನು ಐದಡಿ ಎರಡಿಂಚು. ಅವನ ಮೈಮೇಲೆ ಒಂದು ಅಕ್ಕಿಕಾಳಿನಷ್ಟು ಜಾಗ ಎಂದರೆ ನನ್ನ ಮೈಮೇಲೆ ಒಂದು ಗೇಣು. ಹೀಗೆ ಅಕ್ಕಿಕಾಳು ಇಟ್ಟು ಅಳೆದು, ಗೇಣು ಹಾಕಿ ಗೆರೆ ಎಳೆದೆ. ಎದೆಯ ಮೇಲೆ ಆರು ಚೌಕ, ಎಡ ಭುಜಕ್ಕೆ ಮೂರು ಗೆರೆ, ಬಲ ಭುಜಕ್ಕೆ ಎರಡು. ಬಲ ಮೊಣಕಾಲಿನ ಮೇಲೆ ವೀಳ್ಯದೆಲೆಯ ಆಕಾರದ ಒಂದು ಕಂದು ಮಚ್ಚೆ. ಯುದ್ಧದಲ್ಲಿ ಆದ ಗಾಯವೋ, ಅವನ ದಂಡಿನ ಗುರುತೋ, ನನಗೇನು ಗೊತ್ತು. ಇದ್ದದ್ದನ್ನು ಇದ್ದಹಾಗೆ ಮಾಡಬೇಕೆಂಬುದು ನನ್ನ ಹಟ. ಆ ಮಚ್ಚೆಯ ಬಣ್ಣ ಹೊಂದಿಸುವುದಕ್ಕೇ ಮೂರು ಸಲ ಸುಣ್ಣ, ಕಾಚು, ಕೆಮ್ಮಣ್ಣು ಬೆರೆಸಿದೆ. ಅವ್ವ ಬಾಗಿಲಲ್ಲಿ ನಿಂತು, "ಇಷ್ಟ ಮನಸ್ಸು ರೊಟ್ಟಿ ಬಡಿಯೋದ್ರಾಗ ಇಟ್ಟಿದ್ರ ಊರಿಗೇ ಊಟಕ್ಕ ಹಾಕಬೌದಿತ್ತು" ಎಂದಳು.

ಕಾಲೇಜಿನಲ್ಲಿ ಪರೀಕ್ಷಾರ್ಥ ಪ್ರದರ್ಶನ. ಪ್ರಿನ್ಸಿಪಾಲರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನಾನು ಒಳಗೆ ಬರುತ್ತಲೇ ಹೋ ಎಂದು ಒಂದು ಕೂಗೆದ್ದಿತು. ಥೇಟ್ ಸೈನಿಕನೇ! ಪೆಟ್ಟಿಗೆ ಕೈಯಿಂದ ಕೈಗೆ ಹೋಯಿತು, ಎಲ್ಲರೂ ಅದನ್ನೂ ನನ್ನನ್ನೂ ನೋಡುತ್ತಿದ್ದರು. ನಾನು ಹಿಗ್ಗಿ ಹೀರೇಕಾಯಿ ಆಗಿದ್ದೆ.

ನಮ್ಮಲ್ಲಿ ವೇದಿಕೆ ಹತ್ತಿದವರು ಮೊದಲು ಹಿರಿಯರ ಕಾಲು ಮುಟ್ಟುತ್ತಾರೆ. ಅದನ್ನು ಯಾರೂ ಹೇಳಿಕೊಡುವುದಿಲ್ಲ, ಸೊಂಟ ತಾನೇ ಬಗ್ಗುತ್ತದೆ. ಪ್ರಿನ್ಸಿಪಾಲರ ಮುಂದೆ ಬಂದಾಗ ನನ್ನ ಸೊಂಟವೂ ಬಗ್ಗಿತು. ಕವಚ ಬಗ್ಗಲಿಲ್ಲ. ಅಷ್ಟು ಅಳತೆ ಮಾಡಿದವಳು ಅದೊಂದನ್ನು ಯೋಚಿಸಿರಲಿಲ್ಲ, ಏಕೆಂದರೆ ಪೆಟ್ಟಿಗೆಯ ಸೈನಿಕ ಯಾರ ಕಾಲಿಗೂ ಬೀಳುವವನಲ್ಲ. ತಗಡಿನ ಮೇಲಂಚು ಗಂಟಲಿಗೆ, ಕೆಳಗಿನ ಅಂಚು ಹೊಟ್ಟೆಗೆ ಒತ್ತಿತು. ಹಿಂದಕ್ಕೆ ಏಳಲೂ ಆಗದೆ, ಮುಂದಕ್ಕೆ ಬಗ್ಗಲೂ ಆಗದೆ, ನಿಂತ ನಿಲುವಿನಲ್ಲೇ ದಡಬಡ ಎಂದು ಬೋರಲು ಬಿದ್ದೆ. ಪ್ರಿನ್ಸಿಪಾಲರು ಎರಡೂ ಕಾಲು ಕುರ್ಚಿಯ ಮೇಲೆ ಎತ್ತಿಕೊಂಡರು. ನಕ್ಕವರು ಎಷ್ಟು ಜನ ಎಂದು ನಾನು ಎಣಿಸಲಿಲ್ಲ, ನಗದವರನ್ನು ಎಣಿಸುವುದು ಸುಲಭವಿತ್ತು.

ಮೇಡಂ ಒಬ್ಬರೇ ಬಂದು ಎತ್ತಿದರು. "ನೋಡಾಕ ಛಲೋ ಐತಿ, ಅದ್ರಾಗ ಎರಡು ಮಾತಿಲ್ಲ. ಆದ್ರ ಅಲ್ಲಿ ಕುಂತು ಎದ್ದು ತೋರಸಬೇಕು. ಒಂದು ವಾರ ಕೊಡ್ತೀನಿ. ಅಷ್ಟರೊಳಗ ಆಗಲಿಲ್ಲಂದ್ರ ಹುಡುಗರ ರಾಕೆಟ್ ವೇಷ ಕಳಸ್ತೀನಿ ನೋಡು."

ಮನೆಗೆ ಬಂದಾಗ ಗಂಟಲ ಕೆಳಗೆ ಕೆಂಪು ಗೆರೆ ಎದ್ದಿತ್ತು. ಅವ್ವ ಅರಿಷಿಣ ಹಚ್ಚುತ್ತಿರುವಾಗ ಅಪ್ಪ ಬಂದ. ತಲೆಯಿಂದ ಕಾಲಿನವರೆಗೆ ತೌಡಿನ ಧೂಳು.

"ಏನಾತು?"

"ಡಬ್ಬಿ ಬಿತ್ತು," ಎಂದಳು ಅವ್ವ. "ಒಳಗ ನಿನ್ನ ಮಗಳಿದ್ಲು."

ಅಪ್ಪ ನಗಲಿಲ್ಲ. ತಗಡಿನ ಕವಚವನ್ನು ಒಂದು ಕೈಯಲ್ಲಿ ಎತ್ತಿ ತೂಕ ನೋಡಿದ, ಇನ್ನೊಂದು ಕೈಯಿಂದ ಒಳಗೆಲ್ಲ ಸವರಿದ. "ಈ ಭಾರ ಎಲ್ಲಿ ಹೊತ್ತಿದ್ದಿ?"

"ಹೆಗಲ ಮ್ಯಾಲ."

"ತಪ್ಪೇ ಅಲ್ಲೈತಿ. ಹೆಗಲ ಮ್ಯಾಲಿನ ಭಾರ ತಾಸಿಗೆ ಕೊಲ್ತೈತಿ. ನಡದ ಮ್ಯಾಲ ಕುಂದ್ರಿಸಿದ್ದು ದಿನಗಟ್ಲೆ ನಡಸ್ತೈತಿ. ನಮ್ಮ ಮ್ಯಾಲಿನ ಚೀಲ ಎಲ್ಲಿ ಕುಂತಿರ್ತೈತಿ ಅಂತ ಎಂದರ ನೋಡೀಯೇನು?"

ನಾನು ನೋಡಿರಲಿಲ್ಲ. ನಿಜ ಹೇಳಬೇಕೆಂದರೆ ಆ ಮಿಲ್ಲಿನ ರಸ್ತೆಯಲ್ಲಿ ಹೋಗುವಾಗಲೆಲ್ಲ ನಾನು ಬೇರೆ ಕಡೆ ನೋಡುತ್ತಿದ್ದೆ.

ಮರುದಿನ ಮಧ್ಯಾಹ್ನ ಬುತ್ತಿ ಕೊಡುವ ನೆಪದಲ್ಲಿ ಅಪ್ಪ ನನ್ನನ್ನು ಮಿಲ್ಲಿಗೆ ಕರೆಸಿಕೊಂಡ. ನೇರವಾಗಿ ಎಲಿವೇಟರಿನ ಮುಂದೆ ನಿಲ್ಲಿಸಿದ. ಭತ್ತವನ್ನು ಮೇಲಕ್ಕೆ ಒಯ್ಯುವ ಉದ್ದನೆಯ ಪಟ್ಟಾ ಅದು. ಪಟ್ಟಾದ ಉದ್ದಕ್ಕೂ ಸಾಲಾಗಿ ತಗಡಿನ ಬಟ್ಟಲುಗಳು. ದುರಸ್ತಿಗೆಂದು ಒಂದು ಬದಿ ತೆರೆದಿಟ್ಟಿದ್ದರು. ಅಪ್ಪ ಗಾಲಿಯನ್ನು ಕೈಯಿಂದಲೇ ಮೆಲ್ಲಗೆ ತಿರುಗಿಸಿದ. ಪಟ್ಟಾ ಗಾಲಿಯ ಮೇಲೆ ಬಾಗುವಾಗ ಬಟ್ಟಲುಗಳು ಒಂದಕ್ಕೊಂದು ತಗಲದೆ, ಬಾಯಿ ತೆರೆದುಕೊಂಡು ಸಲೀಸಾಗಿ ತಿರುಗಿ ಆ ಕಡೆ ಇಳಿದವು.

"ಯಾಕ ಬಗ್ತೈತಿ ಹೇಳು?"

ಬಗ್ಗಿ ನೋಡಿದೆ. ಪ್ರತಿ ಬಟ್ಟಲಿಗೂ ಒಂದೇ ಸಾಲು ಬೋಲ್ಟು. ಹಿಂದಿನ ಒಂದು ಅಂಚು ಮಾತ್ರ ಪಟ್ಟಾಕ್ಕೆ ಬಿಗಿದಿತ್ತು, ಉಳಿದದ್ದೆಲ್ಲ ಬಿಡುವಾಗಿತ್ತು.

"ಒಂದ ಕಡೆ ಹಿಡದಾರ!" ಎಂದು ಕಿರುಚಿದೆ. ಉಣ್ಣುತ್ತ ಕೂತಿದ್ದ ಹಮಾಲರು ತಿರುಗಿ ನೋಡಿದರು. ನನಗೆ ಅಲ್ಲಿಯೇ ಕುಣಿಯಬೇಕೆನಿಸಿತು. ಫಿಸಿಕ್ಸ್ ಪುಸ್ತಕದಲ್ಲಿ ಇಂಥ ಸಂತೋಷ ನನಗೆ ಒಂದು ಸಲವೂ ಆಗಿರಲಿಲ್ಲ. ಅಪ್ಪನ ಮುಖದಲ್ಲಿ, ಧೂಳಿನ ಕೆಳಗೆ, ನಗು ಕಾಣುತ್ತಿತ್ತು.

ಸವೆದು ತೆಗೆದಿಟ್ಟಿದ್ದ ಹಳೆಯ ಪಟ್ಟಾದ ತುಂಡೊಂದನ್ನು ಅಪ್ಪ ಕೇಳಿ ತಂದ. ಅದನ್ನು ಹೊಟ್ಟೆಯ ಅಗಲಕ್ಕೆ ಕತ್ತರಿಸಿ, ತಗಡನ್ನು ನಾಲ್ಕು ಬೆರಳಗಲದ ಪಟ್ಟಿಗಳಾಗಿ ಮಾಡಿ, ಪ್ರತಿಯೊಂದರ ಮೇಲಂಚನ್ನು ಮಾತ್ರ ಮೊಳೆ ಹಾಕಿ ಬಡಿದೆವು. ಒಂದರ ಕೆಳಗಿನ ಅಂಚು ಇನ್ನೊಂದರ ಮೇಲೆ ಸಡಿಲಾಗಿ ಕೂತಿತು. ನಿಂತರೆ ಪೆಟ್ಟಿಗೆಯ ಚಿತ್ರದಂತೆ ಒಂದೇ ಹಾಳೆ, ಬಗ್ಗಿದರೆ ಸರಸರ ಎಂದು ಒಂದರೊಳಗೊಂದು ಜಾರುವ ಪಟ್ಟಿಗಳು! ಮೊದಲ ಸಲ ಕಟ್ಟಿಕೊಂಡು ಬಗ್ಗಿ ನನ್ನ ಕಾಲ್ಬೆರಳು ಮುಟ್ಟಿದೆ. ಮತ್ತೆ ಮುಟ್ಟಿದೆ. ಅವ್ವ ಸಾಕು ಎನ್ನುವವರೆಗೂ ಬಗ್ಗುತ್ತಲೇ ಇದ್ದೆ. ಭುಜದ ತಗಡು ತೆಗೆದು ಒಡೆದ ಪ್ಲಾಸ್ಟಿಕ್ ಕೊಡದ ಹೊಟ್ಟೆ ಕೂಡಿಸಿದೆವು. ಬೆಳ್ಳಿ ಬಣ್ಣ ಬಳಿದ ಮೇಲೆ ಅದು ತಗಡಲ್ಲವೆಂದು ಹೇಳಲು ಯಾರಿಂದಲೂ ಆಗುತ್ತಿರಲಿಲ್ಲ.

ಶಿರಸ್ತ್ರಾಣ ಅವ್ವನದು. ಹಳೆಯ ಕಾಗದ ನೆನೆಹಾಕಿ, ಮೆಂತೆ ಕೂಡಿಸಿ ರುಬ್ಬಿ, ಗಡಿಗೆಯ ಮೇಲೆ ಮೆತ್ತಿ ಕಾಳಿನ ಬುಟ್ಟಿ ಮಾಡುವುದು ಅವಳ ಹಳೆಯ ಕೈ. ಅದೇ ರೀತಿ ನನ್ನ ತಲೆಗೆ ಸರಿಹೋಗುವ ಗಡಿಗೆಯೊಂದನ್ನು ಹುಡುಕಿ ಬೋರಲು ಹಾಕಿದಳು. ಅಂಗಳದಲ್ಲಿ ಒಣಗಿ ಬಂದಾಗ ಅದು ಹಗುರ, ಗಟ್ಟಿ, ಗುಂಡಗೆ. ಕಣ್ಣಿನ ಜಾಗ ಕೊಯ್ದು ಕಪ್ಪು ಜಾಳಿಗೆ ಬಟ್ಟೆ ಅಂಟಿಸಿದೆ. ಒಳಗೆ ಹೊಕ್ಕರೆ ಮೆಂತೆಯ ವಾಸನೆ. ಇವತ್ತಿಗೂ ಒಗ್ಗರಣೆಗೆ ಮೆಂತೆ ಬಿದ್ದರೆ ನನಗೆ ಬಾಹ್ಯಾಕಾಶ ನೆನಪಾಗುತ್ತದೆ, ಯಾರು ಬೇಕಾದರೂ ನಗಲಿ.

ಇಷ್ಟೆಲ್ಲ ಆದ ಮೇಲೆ ಅಪ್ಪ ಒಂದು ಪ್ರಶ್ನೆ ಕೇಳಿದ. "ಇವನ ಬೆನ್ನು ಹೆಂಗೈತಿ?"

ಪೆಟ್ಟಿಗೆ ತಿರುಗಿಸಿ ನೋಡಿದೆ, ಹಿಂದೆ ಬರಿ ತಗಡು. ಐದು ವರ್ಷ ನೋಡಿದವಳಿಗೆ ಸೈನಿಕನಿಗೊಂದು ಬೆನ್ನಿದೆ ಎಂಬುದೇ ಹೊಳೆದಿರಲಿಲ್ಲ. ನಾನು ಅತ್ತೇಬಿಟ್ಟೆ. ಚಿತ್ರವಿಲ್ಲದೆ ಹೇಗೆ ಮಾಡಲಿ, ನನ್ನ ಮನಸ್ಸಿಗೆ ಬಂದದ್ದು ಮಾಡಿದರೆ ಅದು ಸುಳ್ಳಾಗುವುದಿಲ್ಲವೇ? ಫಾರ್ಮಿನ ಮೇಲೆ ಬರೆದ ಸುಳ್ಳು ಆ ಹೊತ್ತಿಗೆ ನನಗೆ ನೆನಪಾಗಲಿಲ್ಲ.

ಅಪ್ಪ ಗೂಟಕ್ಕೆ ತೂಗುಹಾಕಿದ್ದ ತನ್ನ ಬೆನ್ನುಗೋಣಿ ತಂದ. ಚೀಲ ಹೊರುವಾಗ ಬೆನ್ನಿಗೆ ಕಟ್ಟಿಕೊಳ್ಳುವ ಗೋಣಿ ಅದು. ನಾಲ್ಕು ಮಡಿಕೆ ಮಾಡಿ, ಒಳಗೆ ಹಳೆಯ ಸೀರೆ ತುಂಬಿ, ಗೀಟು ಗೀಟಾಗಿ ಹೊಲಿದದ್ದು. ಕೆಳಗೆ ನಡಕ್ಕೆ ಸುತ್ತಿಕೊಳ್ಳಲು ಒಂದು ಅಗಲವಾದ ಪಟ್ಟಿ. "ಮುಂದ ಅವಂದು ಇರಲಿ, ಹಿಂದ ನಂದು ಹಾಕು," ಎಂದ. "ಗೋಣಿ ಉಸರು ಆಡ್ತೈತಿ, ಬೆವರು ನಿಲ್ಲಂಗಿಲ್ಲ." ಎದೆಯ ಕವಚದ ಎರಡೂ ಬದಿಯನ್ನು ಗೋಣಿಗೆ ಹೊಲಿದ. ನಡದ ಪಟ್ಟಿ ಬಿಗಿಯುತ್ತಲೇ ಹೆಗಲು ಹಗುರಾಯಿತು. ಅಷ್ಟು ಹೊತ್ತು ನನ್ನನ್ನು ಕೆಳಗೆ ಒತ್ತುತ್ತಿದ್ದುದು ಈಗ ನನ್ನ ಸೊಂಟದ ಮೇಲೆ ತೆಪ್ಪಗೆ ಕೂತಿತ್ತು. ಗೋಣಿಗೆ ಬೆಳ್ಳಿ ಬಣ್ಣ ಹಚ್ಚಲು ಹೋದರೆ ಹೀರಿಕೊಂಡು ಹೀರಿಕೊಂಡು ಬೂದಿಯ ಬಣ್ಣಕ್ಕೆ ನಿಂತಿತು, ಅದರ ಮೇಲೆ ಹಳೆಯ ಮಿಲ್ಲಿನ ನೀಲಿ ಗುರುತು ಇನ್ನೂ ಅರ್ಧ ಕಾಣುತ್ತಿತ್ತು.

ಅವ್ವನ ಪರೀಕ್ಷೆ ಕಾಲೇಜಿನದಕ್ಕಿಂತ ಕಠಿಣ. ಕವಚ ಹಾಕಿಸಿಯೇ ಅಂಗಳ ಗುಡಿಸಿಸಿದಳು, ನೀರಿನ ಕೊಡ ಎತ್ತಿಸಿದಳು, ನೆಲದ ಮೇಲೆ ಕೂಡಿಸಿ ಎರಡು ರೊಟ್ಟಿ ಉಣ್ಣಿಸಿದಳು. ನಾನು ಮೂರನೆಯದನ್ನೂ ಕೇಳಿದೆ. ವಾರದ ಕೊನೆಗೆ ಪ್ರಿನ್ಸಿಪಾಲರ ಪಾದ ಮುಟ್ಟಿ ಎದ್ದು ನಿಂತಾಗ ಮೇಡಂ ಚಪ್ಪಾಳೆ ಶುರುಮಾಡಿದರು. ಹುಡುಗರ ರಾಕೆಟ್ ಮೂಲೆಗೆ ಹೋಯಿತು.

ಹಿಂದಿನ ಗಂಟುಗಳನ್ನು ನನಗೇ ಕಟ್ಟಿಕೊಳ್ಳಲು ಬರುತ್ತಿರಲಿಲ್ಲ. ಹಾಗಾಗಿ ಕೊಪ್ಪಳಕ್ಕೆ ಅಪ್ಪನೂ ಬಂದ. ಕವಚವನ್ನು ದೊಡ್ಡ ಚೀಲದಲ್ಲಿ ಹಾಕಿ, ಬಸ್‌ಸ್ಟ್ಯಾಂಡಿನಿಂದ ಸಭಾಭವನದವರೆಗೆ ಬೆನ್ನ ಮೇಲೆ ಹೊತ್ತ. ನಾನು ಹತ್ತು ಹೆಜ್ಜೆ ಮುಂದೆ ನಡೆದೆ. ಗೇಟಿನಲ್ಲಿ ಮೇಡಂ ಕಾಯುತ್ತಿದ್ದರು. ಹಿಂದೆ ಬಂದು ನಿಂತ ಅಪ್ಪನನ್ನು ನೋಡಿ, "ಇವರು ಯಾರು?" ಎಂದರು.

"ಸಾಮಾನು ತರಾಕ ಬಂದಾರ್ರಿ," ಎಂದೆ.

ಬಾಯಿಂದ ಅದು ಹೇಗೆ ಬಂತೋ. ಸುಳ್ಳೂ ಅಲ್ಲ, ಸಾಮಾನು ಅವನೇ ತಂದಿದ್ದ. ಅಪ್ಪ ಚೀಲವನ್ನು ಸರಿಮಾಡಿಕೊಂಡು, ಎಲ್ಲಿ ಇಳಿಸಬೇಕೆಂದು ಮೇಡಂ ಅವರನ್ನೇ ಕೇಳಿ, ಒಳಗೆ ಹೋದ. ಪರದೆಯ ಹಿಂದೆ ನನಗೆ ಕವಚ ಕಟ್ಟಿದ. ನಡದ ಗಂಟನ್ನು ಎರಡು ಸಲ ಎಳೆದು ನೋಡಿದ. ನನಗೆ ಅವನ ಮುಖ ನೋಡಲಾಗದೆ ಬೇಗ ಬೇಗ ಶಿರಸ್ತ್ರಾಣ ಹಾಕಿಕೊಂಡೆ.

ನನ್ನ ಸರದಿ ಬಂತು. ನಡೆದೆ, ಕೂತೆ, ಎದ್ದೆ, ಮುಖ್ಯ ಅತಿಥಿಗಳ ಪಾದ ಮುಟ್ಟಿದೆ. ಪಟ್ಟಿಗಳು ಸರಸರ ಜಾರಿ ಮತ್ತೆ ಕೂತವು. ಸಭೆಯಲ್ಲಿ ಗದ್ದಲವೆದ್ದುಬಿಟ್ಟಿತು, ಸಿಳ್ಳೆ ಬಿದ್ದವು, ನನಗೆ ನೆಲ ಕಾಲಿಗೆ ತಗಲುತ್ತಿರಲಿಲ್ಲ. ತೀರ್ಪುಗಾರರಲ್ಲಿ ಹಿರಿಯರೊಬ್ಬರು ಕನ್ನಡಕ ಏರಿಸಿಕೊಂಡು ಪೆಟ್ಟಿಗೆಯನ್ನೂ ನನ್ನನ್ನೂ ನೋಡಿದರು.

"ಎಲ್ಲಾ ಬರೋಬ್ಬರಿ ಐತವ್ವಾ. ಈ ಮೊಣಕಾಲ ಮ್ಯಾಲ ಕಂದು ಮಚ್ಚಿ ಏನು?"

"ಚಿತ್ರದಾಗ ಐತ್ರಿ, ಸರ್. ಅವನ ಗುರುತು."

ಅವರು ಪೆಟ್ಟಿಗೆಯನ್ನು ಉಗುರಿನಿಂದ ಕೆರೆದರು. "ನನ್ನ ಮಗನ ಹಂತ್ಯಾಕೂ ಇದ ಪೆಟ್ಟಿಗಿ ಐತಿ. ಅದರಾಗ ಇಲ್ಲ. ಇದು ತುಕ್ಕವ್ವಾ, ತುಕ್ಕು."

ಸಭೆ ಬಿದ್ದು ಬಿದ್ದು ನಕ್ಕಿತು. ಮೂರು ಸಲ ಬಣ್ಣ ಕೂಡಿಸಿ ನಾನು ನನ್ನ ಪೆಟ್ಟಿಗೆಯ ತುಕ್ಕನ್ನು ಮೊಣಕಾಲಿಗೆ ಬಳಿದುಕೊಂಡಿದ್ದೆ! ಶಿರಸ್ತ್ರಾಣದೊಳಗೆ ಮೆಂತೆಯ ವಾಸನೆಯ ಜೊತೆ ನನ್ನ ಕಿವಿಯ ಬಿಸಿ.

"ಹಿಂದ ತಿರುಗು ನೋಡೋಣು," ಎಂದರು ಅವರು. ತಿರುಗಿದೆ. ನಗು ಇನ್ನೂ ನಿಂತಿರಲಿಲ್ಲ. "ಇದೇನಿದು, ಗೋಣಿಚೀಲ? ಇದೂ ಚಿತ್ರದಾಗ ಐತೇನು?"

ನನ್ನ ಮುಂದೆ ಈಗ ಪರದೆ ಇತ್ತು. ಕಪ್ಪು ಜಾಳಿಗೆಯ ಮೂಲಕ ನೋಡಿದೆ. ಪರದೆಯ ಸಂದಿಯಲ್ಲಿ ಅಪ್ಪ ನಿಂತಿದ್ದ, ಖಾಲಿ ಚೀಲ ಮಡಚಿ ಹೆಗಲ ಮೇಲೆ ಹಾಕಿಕೊಂಡು. ನನ್ನ ಬೆನ್ನ ಹಿಂದೆ ತೀರ್ಪುಗಾರರ ಮೇಜು, ಮೇಜಿನ ಮೇಲೆ ನನ್ನ ಫಾರ್ಮ್. ಬಾಹ್ಯಾಕಾಶದ ಯಂತ್ರ ಎಂದೋ, ಗಾಳಿಯ ಚೀಲ ಎಂದೋ ಏನಾದರೂ ಹೇಳಬಹುದಿತ್ತು. ಅಪ್ಪ ನನ್ನನ್ನೇ ನೋಡುತ್ತಿದ್ದ, ಗಂಟು ಬಿಚ್ಚೀತೇನೋ ಎಂಬ ಒಂದೇ ಚಿಂತೆ ಅವನ ಮುಖದಲ್ಲಿ. ನಾನು ಶಿರಸ್ತ್ರಾಣ ತೆಗೆದು ಸಭೆಯ ಕಡೆ ತಿರುಗಿದೆ.

"ಚಿತ್ರದಾಗ ಬೆನ್ನಿಲ್ರಿ. ಇದು ನಮ್ಮಪ್ಪಂದು. ನಮ್ಮಪ್ಪ ಗಂಗಾವತಿ ರೈಸ್ ಮಿಲ್ಲಿನ್ಯಾಗ ಹಮಾಲ ಅದಾನ್ರಿ. ಭಾರ ಎಲ್ಲಿ ಕುಂದ್ರಿಸಬೇಕು ಅಂತ ಅವನ ಹೇಳಿಕೊಟ್ಟಾನ್ರಿ. ಇದಿಲ್ಲಂದ್ರ ಈ ಸೈನಿಕ ನಿಂತಲ್ಲೇ ಬೀಳ್ತಾನ್ರಿ, ನಾನು ಬಿದ್ದು ನೋಡೀನಿ." ಪರದೆಯ ಕಡೆ ಕೈ ತೋರಿಸಿದೆ. "ಅಲ್ಲಿ ನಿಂತಾನ ನೋಡ್ರಿ, ಅವನ ನಮ್ಮಪ್ಪ."

ಎಲ್ಲರೂ ಪರದೆಯ ಕಡೆ ನೋಡಿದರು. ಅಪ್ಪ ಸರಕ್ಕನೆ ಒಳಗೆ ಸರಿದುಬಿಟ್ಟ, ಚೀಲದ ತುದಿ ಮಾತ್ರ ಕಾಣುತ್ತಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ಮೇಡಂ ಎದ್ದು ವೇದಿಕೆಯ ಹಿಂದೆ ಹೋದರು. ನಾನು ಇಳಿದು ಬಂದಾಗ ಅಪ್ಪ ಅವರ ಕುರ್ಚಿಯಲ್ಲಿ ಅಂಚಿಗೆ ಕೂತು ಚಹಾ ಕುಡಿಯುತ್ತಿದ್ದ, ಅವರು ನಿಂತುಕೊಂಡು ನಡದ ಪಟ್ಟಿಯ ವಿಷಯ ಕೇಳುತ್ತಿದ್ದರು.

ನನಗೆ ಎರಡನೆಯ ಬಹುಮಾನ ಬಂತು. ಮೊದಲನೆಯದು ಕುಷ್ಟಗಿಯಿಂದ ಬಂದಿದ್ದ, ಮೈತುಂಬ ಕನ್ನಡಿ ಅಂಟಿಸಿಕೊಂಡ ಸೌರ ಮನುಷ್ಯನಿಗೆ. ತುಕ್ಕಿಗೆ ಎಷ್ಟು ಅಂಕ ಕಳೆದರೋ ನಾನು ಕೇಳಲಿಲ್ಲ.

ವಾಪಸು ಬರುವಾಗ ಕವಚ ಬಿಚ್ಚಲೇ ಇಲ್ಲ. ಬಿಚ್ಚಬೇಕೆಂದು ಅನಿಸುವಷ್ಟು ಅದು ಚುಚ್ಚುತ್ತಿರಲಿಲ್ಲ, ಅದೇ ನನಗೆ ದೊಡ್ಡ ಬಹುಮಾನ. ಕಂಡಕ್ಟರ್ ನನ್ನನ್ನು ಮೇಲೆ ಕೆಳಗೆ ನೋಡಿ, "ಇದಕ್ಕ ಫುಲ್ ಟಿಕೆಟ್ ಹರೀಲೋ, ಲಗೇಜ್ ಹರೀಲೋ?" ಎಂದ. ಬಸ್ಸಿನವರೆಲ್ಲ ನಕ್ಕರು, ನಾನೂ ನಕ್ಕೆ. ಅಪ್ಪ ಶಿರಸ್ತ್ರಾಣವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತಿದ್ದ. ಕಾಲುವೆಯ ಬಯಲು ಶುರುವಾಗಿ ಗದ್ದೆಗಳ ಹಸಿರು ಕಾಣತೊಡಗಿತು. ಗೇಟಿನಲ್ಲಿ ನಾನು ಆಡಿದ ಮಾತಿಗೆ ತಪ್ಪಾಯಿತು ಎನ್ನಲು ಬಾಯಿ ತೆರೆಯುತ್ತಿದ್ದೆ, ಅಷ್ಟರಲ್ಲಿ ಅವನೇ ಶುರುಮಾಡಿದ.

"ಫಾರ್ಮಿನ್ಯಾಗ ವ್ಯಾಪಾರ ಅಂತ ಇತ್ತು."

ನಾನು ಎದೆಯ ತಗಡಿನ ಚೌಕಗಳನ್ನೇ ನೋಡತೊಡಗಿದೆ.

"ಅವತ್ತಿನಿಂದ ಗಂಗಾವತಿ ಬಜಾರದಾಗ ಹುಡುಕಾಕ ಹತ್ತೀನಿ, ನನ್ನ ಅಂಗಡಿ ಎಲ್ಲೈತಿ ಅಂತ," ಎಂದ ಅಪ್ಪ. "ಇನ್ನೂ ಸಿಕ್ಕಿಲ್ಲ. ಸಿಕ್ರ ಹೇಳವ್ವಾ, ಬಾಗ್ಲಾ ತೆಗಿಯೋ ಹೊತ್ತಾತು."

ಅವನ ಹೆಗಲು ನಗುವಿನಿಂದ ಅಲುಗುತ್ತಿತ್ತು. ನನಗೆ ನಗು ಬರಲಿಲ್ಲ, ಕಣ್ಣೀರು ತಗಡಿನ ಆರು ಚೌಕದ ಮೇಲೆ ಟಪಟಪ ಬಿತ್ತು.

"ಸಹಿ ಮಾಡೋ ಮುಂದ ಓದಿದ್ದೇನಪ್ಪಾ?"

"ಓದಲಾರದ ಎಂದರ ಎತ್ತೀನೇನು ನಾನು?"

ಗಂಗಾವತಿ ಬಂತು. ಬಹುಮಾನದ ಗಡಿಯಾರ, ಶಿರಸ್ತ್ರಾಣ ಎಲ್ಲ ಚೀಲಕ್ಕೆ ಹಾಕಿ ಅಪ್ಪ ಎತ್ತುವ ಮೊದಲೇ ನಾನು ಬಗ್ಗಿ ಅದರ ಒಂದು ತುದಿ ಹಿಡಿದೆ. ಬಜಾರದ ನಡುವೆ, ಮಿಲ್ಲಿನ ರಸ್ತೆಯಲ್ಲೇ, ಅವನ ಪಕ್ಕದಲ್ಲಿ ಮನೆಯವರೆಗೆ ನಡೆದೆ.